ಬೇವಿನ ಕಟ್ಟೆ ಒಡೆದ ಬೇಸಿಗೆ

ಆ ವರ್ಷ ಯುಗಾದಿ ಮುಗಿದು ಎಷ್ಟೋ ದಿನವಾದರೂ ನಮ್ಮ ಗಾರ್ಡನ್ನಿನ ದೊಡ್ಡ ಬೇವು ಚಿಗುರಲಿಲ್ಲ. ಸುತ್ತಲಿನ ಬೇವುಗಳೆಲ್ಲ ತಾಮ್ರದ ಬಣ್ಣದ ಎಳೆ ಎಲೆ ಬಿಟ್ಟು, ಹೂವು ಉದುರಿಸಿ ನೆಲವನ್ನು ಬೆಳ್ಳಗೆ ಮಾಡಿಟ್ಟಿದ್ದವು. ಇದೊಂದು ಮಾತ್ರ ಪಶ್ಚಿಮದ ಕೊಂಬೆಗಳಲ್ಲಿ ಒಂದಿಷ್ಟು ಎಲೆ ತೋರಿಸಿ, ಉಳಿದ ಮೈಯೆಲ್ಲ ಬೋಳಾಗಿ ನಿಂತಿತ್ತು. ಅದೇ ವಾರ ಒಂದು ಒಣ ಕೊಂಬೆ ಮುರಿದು ಚಹಾದ ಬಂಡಿಯ ಮೇಲೆ ಬಿತ್ತು. ಬಂಡಿಯವನು ಹಾಲು ತರಲು ಹೋಗಿದ್ದ, ಬದುಕಿಕೊಂಡ.

ನಗರಸಭೆಯ ನಮ್ಮ ಸಾಹೇಬರಿಗೆ ಅಷ್ಟು ಸಾಕಾಯಿತು. "ಮೇಡಂ, ಕಡಿಸಿಬಿಡ್ರಿ. ನಾಳಿ ಯಾರರ ತಲಿ ಮ್ಯಾಲ ಬಿದ್ರ ನನ್ನ ಕುತ್ತಿಗಿಗಿ ಬರ್ತದ."

"ಮಳಿಗಾಲದ ತನಕ ಟೈಮ್ ಕೊಡ್ರಿ ಸಾಹೇಬ್ರ."

"ಒಣಗಿದ್ದು ಮಳಿಗಾಲಕ್ಕ ಎದ್ದು ಕುಂದರ್ತದೇನು?"

"ಪೂರಾ ಒಣಗಿಲ್ರಿ. ಅರ್ಧಾ ಜೀವ ಐತಿ."

ಅವರು ನನ್ನ ಮುಖ ನೋಡಿದರು. ಈ ಹೆಣ್ಣುಮಗಳ ಜೊತೆ ವಾದ ಮಾಡುವುದಕ್ಕಿಂತ ಒಂದು ಮಳೆಗಾಲ ಕಾಯುವುದೇ ಸುಲಭ ಎನ್ನಿಸಿರಬೇಕು. ಮರದ ಸುತ್ತ ಹಗ್ಗ ಕಟ್ಟಿಸಿ, ಕೆಳಗೆ ಯಾರೂ ಕೂರದಂತೆ ನೋಡಿಕೊಳ್ಳಬೇಕು ಎಂಬ ಷರತ್ತು ಹಾಕಿ ಹೋದರು. ಹಗ್ಗ ಕಟ್ಟಿಸುವುದು ಸುಲಭ. ಅದರ ಕೆಳಗೆ ಯಾರೂ ಕೂರದಂತೆ ಮಾಡುವುದು ಸಾಹೇಬರು ತಿಳಿದಷ್ಟು ಸುಲಭವಾಗಿರಲಿಲ್ಲ.

ಬೀದರ ನಗರದ ಉದ್ಯಾನಗಳ ಉಸ್ತುವಾರಿ ನನ್ನದು. ಉದ್ಯಾನವೆಂದರೆ ನಿಮಗೆ ಕಾರಂಜಿ, ಹುಲ್ಲುಹಾಸು, ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಹೊಟ್ಟೆ ಕರಗಿಸಲು ಸುತ್ತುವವರು ನೆನಪಾಗಬಹುದು. ಅವೆಲ್ಲ ಇಲ್ಲಿಯೂ ಇದ್ದವು. ಕಾರಂಜಿ ಉದ್ಘಾಟನೆಯ ದಿನ ಚಿಮ್ಮಿದ್ದಷ್ಟೇ, ಆಮೇಲೆ ಅದರ ತೊಟ್ಟಿಯಲ್ಲಿ ಸೊಳ್ಳೆ ಸಾಕಿದೆವು. ಆದರೆ ಈ ಗಾರ್ಡನ್ನು ಬದುಕಿದ್ದು ದವಾಖಾನೆಯ ಅಂಗಳವಾಗಿ. ರಸ್ತೆ ದಾಟಿದರೆ ದೊಡ್ಡ ದವಾಖಾನೆ. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ರೋಗಿಯನ್ನು ಕರೆತಂದವರಲ್ಲಿ ಒಬ್ಬರಿಗಷ್ಟೇ ವಾರ್ಡಿನಲ್ಲಿ ಜಾಗ. ಉಳಿದವರು ಗಂಟು, ತಂಬಿಗೆ, ರೊಟ್ಟಿಯ ಬುತ್ತಿ ಹೊತ್ತುಕೊಂಡು ಈ ಬೇವಿನ ಕೆಳಗೆ ಬಂದು ಬೀಡು ಬಿಡುತ್ತಿದ್ದರು. ನಾನು ಹುಟ್ಟಿದ್ದು ಔರಾದದಲ್ಲಿ. ನಮ್ಮೂರಿಗೆ ರೈಲಿಲ್ಲ. ಬಸ್ಸಿನಿಂದ ಬೀದರಿಗೆ ಇಳಿದವರಿಗೆ ಮೊದಲು ಗುರುತು ಹೇಳಿಕೊಡುವುದು ದವಾಖಾನೆಯದ್ದಲ್ಲ, ಈ ಮರದ್ದು. ಮರದ ಕೆಳಗೆ ಕೂತರೆ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಅವರು ಮುಂದಿನ ದಾರಿ ಹೇಳುತ್ತಾರೆ. ಮನೆಯವರ ಜೀವ ಒಳಗೆ ಉಯ್ಯಾಲೆಯಾಡುತ್ತಿರುವಾಗ ಇಲ್ಲಿ ಪಲ್ಯ ಹಂಚಿಕೊಂಡು ಉಂಡ ಜನ, ಬೀಗರಾದದ್ದೂ ಉಂಟು.

ಇಲ್ಲಿ ಒಂದು ಪದ್ಧತಿ ಇತ್ತು. ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ದವಾಖಾನೆಯಲ್ಲಿ ಯಾರಾದರೂ ತೀರಿಕೊಂಡರೆ, ಊರಿಗೆ ಒಯ್ಯುವ ಮುಂಚೆ ಮನೆಯವರಲ್ಲಿ ಒಬ್ಬರು ಬಂದು ಬೇವಿನ ಬುಡಕ್ಕೆ ಒಂದು ತಂಬಿಗೆ ನೀರು ಹಾಕುತ್ತಿದ್ದರು. ಊರಿನಲ್ಲಿ ದಿನಕಾರ್ಯ ಮುಗಿದ ಮೇಲೆ, ಮುಸಲ್ಮಾನರಾದರೆ ನಲವತ್ತನೇ ದಿನದ ಚಾಲೀಸವಾಂ ಮುಗಿದ ಮೇಲೆ, ತಿರುಗಿ ಬಂದು ಸತ್ತವರ ಹೆಸರು ಕೆತ್ತಿದ ಒಂದು ಚಪ್ಪಟೆ ಫರಸಿ ಕಲ್ಲನ್ನು ಮರದ ಕಟ್ಟೆಗೆ ಕೂಡಿಸುತ್ತಿದ್ದರು. ಯಾಕೆಂದು ಒಮ್ಮೆ ಭಾಲ್ಕಿ ಕಡೆಯ ಒಬ್ಬ ಮುದುಕನನ್ನು ಕೇಳಿದ್ದೆ. "ಆಕಿ ಕಡೀ ಊಟ ಇಲ್ಲೇ ಉಂಡಾಳ್ರಿ. ಊರಾಗ ಮಣ್ಣು ಕೊಟ್ಟೇವಿ, ಹೆಸರು ಇಲ್ಲಿರಲಿ," ಎಂದಿದ್ದ. ಕಟ್ಟೆಯಲ್ಲಿ ಜಾಗ ತುಂಬಿದಾಗ ಅದರ ಮೇಲೆ ಮಣ್ಣು ಹಾಕಿ, ಸಿಮೆಂಟ್ ಹರವಿ ಇನ್ನೊಂದು ಸುತ್ತು. ಹೀಗೆ ಕಟ್ಟೆ ಏರುತ್ತಾ ಏರುತ್ತಾ ನನ್ನ ಎದೆಯ ಮಟ್ಟಕ್ಕೆ ಬಂದಿತ್ತು. ಹತ್ತಲು ಮೆಟ್ಟಿಲು ಮಾಡಿದ್ದರು. ಹೆಸರುಗಳ ಮೇಲೆ ಕಾಲಿಡಬಾರದೆಂದು ಚಪ್ಪಲಿ ಕೆಳಗೇ ಬಿಡುತ್ತಿದ್ದರು.

ಮೊದಲು ನಾನು ಎಲ್ಲರಂತೆ ರೋಗವೆಂದೇ ತಿಳಿದೆ. ಈಚಿನ ವರ್ಷಗಳಲ್ಲಿ ನಮ್ಮ ಕಡೆ ಬೇವಿಗೆ ತುದಿ ಒಣಗುವ ಕಾಯಿಲೆ ಬಂದಿದೆ. ಕೊಂಬೆಯ ತುದಿಯಿಂದ ಕಂದು ಬಣ್ಣ ಇಳಿಯುತ್ತದೆ. ಅದಕ್ಕೆ ಹೊಡೆಯುವ ಔಷಧಿ ಹೊಡೆಸಿದೆ, ಬೇರಿಗೆ ಗೊಬ್ಬರದ ನೀರು ಕೊಡಿಸಿದೆ. ಏನೂ ಆಗಲಿಲ್ಲ. ದಿನಾ ಭಾಲ್ಕಿಯ ಮನೆಯಿಂದ ಬಂದು ಇಳಿದವಳೇ ಮೊದಲು ಮರದ ಕಡೆ ನೋಡುತ್ತಿದ್ದೆ. ಅದು ಹಾಗೆಯೇ ನಿಂತಿರುತ್ತಿತ್ತು. ಮಾತು ಕೇಳದ ಮಗುವಿನ ಮೇಲೆ ಬರುವಂಥ ಸಿಟ್ಟು ಅದರ ಮೇಲೆ ಬರುತ್ತಿತ್ತು.

ಗೊತ್ತಾದದ್ದು ಒಂದು ಮಧ್ಯಾಹ್ನ, ಬುತ್ತಿ ಬಿಚ್ಚಿಕೊಂಡು ಕೂತಾಗ. ಹಗ್ಗ ಕಟ್ಟಿದ್ದರಿಂದ ಆ ದಿನ ಕಾರಂಜಿಯ ಪಕ್ಕದ ಸಣ್ಣ ಬೇವಿನ ಕೆಳಗೆ ಕೂತಿದ್ದೆ. ಅದರ ಬುಡ ನೆಲ ಸೇರುವಲ್ಲಿ ಅಗಲವಾಗಿ, ಆನೆಯ ಪಾದದ ಹಾಗೆ ಹರಡಿಕೊಂಡಿತ್ತು. ಎಲ್ಲ ಮರವೂ ಹಾಗೆಯೇ ಇರಬೇಕು. ಅಲ್ಲಿಂದಲೇ ದೊಡ್ಡ ಬೇವಿನ ಕಡೆ ನೋಡಿದೆ. ಅದರ ಕಾಂಡ ಕಟ್ಟೆಯೊಳಗೆ ನೆಟ್ಟ ಕಂಬದಂತೆ ನೇರವಾಗಿ ಇಳಿದಿತ್ತು. ರೊಟ್ಟಿ ಕೈಯಲ್ಲೇ ಉಳಿಯಿತು. ಅಂದರೆ ಅದರ ಪಾದ ಎಲ್ಲೋ ಕೆಳಗೆ, ಅಷ್ಟೂ ಸುತ್ತು ಕಲ್ಲು ಮಣ್ಣಿನ ಅಡಿ ಹೂತು ಹೋಗಿತ್ತು.

ಕಾಂಡದ ಪಕ್ಕ ಸಿಮೆಂಟ್ ಬಿರಿದ ಜಾಗದಲ್ಲಿ ಉಳಿಯಿಂದ ಎಬ್ಬಿಸಿ, ಮಣ್ಣು ತೆಗೆದು, ತೋಳು ಮುಳುಗುವಷ್ಟು ಕೈ ಹಾಕಿದೆ. ಗಟ್ಟಿಯಿರಬೇಕಾದ ತೊಗಟೆ ನೆಂದ ರಟ್ಟಿನಂತೆ ಬೆರಳಿಗೆ ಕಿತ್ತು ಬಂತು. ನೆನೆಹಾಕಿ ಮರೆತ ಕಡಲೆಯ ವಾಸನೆ. ಮರದ ಸುತ್ತ ಮರದ ಕೊಡತಿಯಿಂದ ಬಡಿಯುತ್ತಾ ಬಂದೆ. ಪೂರ್ವಕ್ಕೂ ಉತ್ತರಕ್ಕೂ ಪೊಳ್ಳು ಸದ್ದು. ಪಶ್ಚಿಮಕ್ಕೆ ಮಾತ್ರ ಗಟ್ಟಿ. ಬೇರಿಗೂ, ಬೇರು ಕಾಂಡ ಸೇರುವ ಕೊರಳಿಗೂ ಗಾಳಿ ಬೇಕು. ಮೇಲಿಂದ ಮಣ್ಣು, ಸಿಮೆಂಟ್ ಮುಚ್ಚಿ, ಅದರ ಮೇಲೆ ಭಕ್ತಿಯಿಂದ ತಂಬಿಗೆ ತಂಬಿಗೆ ನೀರು ಸುರಿದರೆ ತೊಗಟೆ ಕೊಳೆಯದೆ ಏನು ಮಾಡುತ್ತದೆ? ಯಾರೂ ಕೆಟ್ಟದ್ದು ಬಗೆದಿರಲಿಲ್ಲ. ಅದಕ್ಕೇ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಗಾರ್ಡನ್ನಿನ ಮಾಲಿಗೆ ಎಲ್ಲರೂ ಚಾಚಾ ಎನ್ನುತ್ತಾರೆ. ಹಳೇ ಪೇಟೆಯವರು, ಮನೆಮಾತು ದಖನಿ. ಅವರ ತಂದೆಯೂ ಇಲ್ಲೇ ಮಾಲಿಯಾಗಿದ್ದರು. ಇಷ್ಟು ವರ್ಷ ಸತ್ತವರ ಮನೆಯವರು ತಂದ ಕಲ್ಲುಗಳನ್ನು ಮಟ್ಟ ಹಿಡಿದು, ಸಂದಿಗೆ ಸಿಮೆಂಟ್ ತುಂಬಿ, ಒದ್ದೆ ಗೋಣಿ ಹೊದಿಸಿ ಕೂಡಿಸಿದ್ದು ಚಾಚಾನೇ. ಅದಕ್ಕೆ ಒಂದು ಪೈಸೆ ಮುಟ್ಟಿದವರಲ್ಲ. ಕಟ್ಟೆ ಒಡೆಯಬೇಕೆಂದಾಗ ಅವರು ಕೈಯಲ್ಲಿದ್ದ ನೀರಿನ ಪೈಪು ಕೆಳಗಿಟ್ಟರು.

"ನಕ್ಕೋ ಮೇಡಂ, ಬ್ಯಾಡ. ಲೋಕ ಬೈತದ. ಮುರ್ದೋಂ ಕೇ ನಾಮ್ ಹೈ, ಸತ್ತವರ ಹೆಸರು ಅವ."

"ಒಡೀಲಿಲ್ಲಂದ್ರ ಗಿಡ ಸಾಯ್ತದ ಚಾಚಾ."

"ಕಟ್ಟಿಯಿಂದ ಗಿಡ ಸಾಯ್ತದಾ? ಏನ್ ಮಾತಾಡ್ತೀರಿ? ಗಟ್ಟಿ ಇರ್ಲಿ ಅಂತ ನಾ ಕಟ್ಟೀನಿ."

ನಾನು ಬಾಯಿಂದ ಹೇಳದೆ ಅವರ ಕೈ ಹಿಡಿದು ಆ ತೂತಿನಲ್ಲಿ ಹಾಕಿಸಿದೆ. ಹೊರಗೆ ತೆಗೆದ ಬೆರಳುಗಳನ್ನು ಅವರು ಮೂಗಿಗೆ ಹಿಡಿದು ನೋಡಿದರು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಎಷ್ಟೋ ಹೊತ್ತು ಕೈ ತೊಳೆಯುತ್ತಾ ನಿಂತರು.

ಕಟ್ಟೆ ಒಡೆಯುತ್ತೇವೆಂದು ಹೇಳಲು ಸಂಜೆ ಹೊತ್ತು ಜನರನ್ನು ಸೇರಿಸಿದೆ. ದಿನಾ ಬರುವ ಮುದುಕರು, ಗಾಂಧಿ ಗಂಜಿನ ಮಂಡಿಯಲ್ಲಿ ಬೇಳೆ ಹಸನು ಮಾಡಿ ಮನೆಗೆ ಹೋಗುವ ದಾರಿಯಲ್ಲಿ ಇಲ್ಲಿ ಕಾಲು ಚಾಚುವ ಹೆಂಗಸರು, ಆ ದಿನ ದವಾಖಾನೆಗೆ ಬಂದಿದ್ದವರು. ಒಬ್ಬರು "ಗಿಡ ಹೋದ್ರ ಹೋಗಲಿ, ಹೆಸರು ಇರಲಿ" ಎಂದರು. ಇನ್ನೊಬ್ಬರು "ಗಿಡಾನೇ ಇಲ್ಲಂದ್ರ ಬಿಸಲಾಗ ಹೆಸರು ಯಾರು ಓದ್ತಾರ?" ಎಂದರು. ಬೈಗಳು ನನಗೂ ಬಿದ್ದವು, ಸರಕಾರಕ್ಕೂ ಬಿದ್ದವು. ಕೊನೆಗೆ ನಾನು ಒಂದು ಮಾತು ಕೊಟ್ಟೆ. ಒಂದು ಕಲ್ಲನ್ನೂ ಎಸೆಯುವುದಿಲ್ಲ, ಎಲ್ಲವನ್ನೂ ಗಾರ್ಡನ್ನಿನ ಪಶ್ಚಿಮದ ಗೋಡೆಗೆ ಕೂಡಿಸುತ್ತೇವೆ ಎಂದೆ. ಒಪ್ಪಿದರು ಎನ್ನಲಾರೆ. ಎದ್ದು ಹೋದರು, ಅಷ್ಟೇ.

ಕಲ್ಲು ಎತ್ತಲು ಗಾಂಧಿ ಗಂಜಿನಿಂದ ಹಮಾಲರನ್ನು ಕರೆಸಿದೆ. ಚೀಲ ಹೊರುವ ಆ ಜನರಿಗೆ ಭಾರವನ್ನು ನೋಯಿಸದೆ ಎತ್ತುವುದು ಗೊತ್ತು. ಬಂದವರು ಹೆಸರು ನೋಡಿ ಚಪ್ಪಲಿ ಬಿಟ್ಟರು, ಮೇ ತಿಂಗಳ ಕಾದ ಫರಸಿಯ ಮೇಲೆ ಬರಿಗಾಲಲ್ಲಿ ನಿಂತು ಹಾರೆ ಹಾಕಿದರು. ಕಾಲು ಸುಟ್ಟಾಗ ಗೋಣಿ ನೆನೆಸಿ ಹಾಸಿಕೊಂಡರು. ಎತ್ತಿದ ಕಲ್ಲನ್ನು ಕೈಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ಗೋಡೆಯ ಹತ್ತಿರ ಒಯ್ಯುತ್ತಿದ್ದರು.

ಮೇಲಿನ ಸುತ್ತುಗಳೇ ಕಷ್ಟ ಕೊಟ್ಟವು. ಸಿಮೆಂಟಿನಲ್ಲಿ ಕೂತ ಕಲ್ಲು ಬಿಡುವುದಿಲ್ಲ, ಬಿಡಿಸಲು ಹೋದರೆ ಸೀಳುತ್ತದೆ. ಉಳಿಯಿಂದ ಸಂದಿ ಕೊರೆದು, ತೆಳ್ಳನೆ ಬೆಣೆ ಹೊಡೆದು, ನೀರು ಬಿಟ್ಟು, ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕಿತ್ತು. ಆದರೂ ಒಡೆದವು. ಒಡೆದಾಗಲೆಲ್ಲ ಹಮಾಲರ ಮುಂದಾಳು ಮುಕದ್ದಮ ಕಲ್ಲಿಗೆ ಕೈಮುಗಿದು "ತಪ್ಪಾತ್ರಿ" ಎನ್ನುತ್ತಿದ್ದ, ಎದುರಿಗೆ ಮನುಷ್ಯನೇ ನಿಂತಿದ್ದಾನೆ ಎನ್ನುವ ಹಾಗೆ. ಕೆಳಗಿಳಿದಂತೆ ಸುಣ್ಣದ ಗಾರೆಯಲ್ಲಿ ಕೂಡಿಸಿದ ಕಲ್ಲುಗಳು ಸಿಕ್ಕವು. ಕೆಲವಕ್ಕೆ ಉರ್ದು ಅಕ್ಷರ, ಕೆಲವಕ್ಕೆ ಮರಾಠಿ, ಕೆಲವು ನಮ್ಮ ಕನ್ನಡ. ಇವು ಒಂದೂ ಸೀಳದೆ ಎದ್ದವು. ಚಾಚಾ ಅದುವರೆಗೆ ದೂರ ನಿಂತು ನೋಡುತ್ತಿದ್ದವರು, ಆ ಸುತ್ತು ಕಂಡಾಗ ಹತ್ತಿರ ಬಂದರು. "ಇದು ನಮ್ಮ ಅಬ್ಬಾನ ಕೈಕೆಲಸ," ಎಂದರು. ಸಂದಿಯ ಗಾರೆಯನ್ನು ಬೆರಳಿನಿಂದ ಸವರಿದರು, ಆಮೇಲೆ ಹಾರೆ ಹಿಡಿದು ತಾವೂ ಇಳಿದರು.

ಅದಕ್ಕೂ ಕೆಳಗೆ ಹೆಸರೇ ಇಲ್ಲದ ಒಂದು ಸುತ್ತು. ಕೆಂಪು ಜಂಬಿಟ್ಟಿಗೆ ಕಲ್ಲು, ಗಾರೆಯಿಲ್ಲ, ಬರೀ ಜೋಡಿಸಿಟ್ಟದ್ದು. ಕಲ್ಲು ಕಲ್ಲಿನ ನಡುವೆ ಬೆರಳು ಹೋಗುವಷ್ಟು ಸಂದಿ. ಕಾಂಡದಿಂದ ಮೊಳ ದೂರಕ್ಕೆ ನಿಂತಿತ್ತು ಆ ಕಟ್ಟೆ. ಅದನ್ನು ಕಟ್ಟಿದವರು ಯಾರೋ, ಮರಕ್ಕೆ ಉಸಿರಾಡಲು ಜಾಗ ಬಿಟ್ಟಿದ್ದರು. ಅದರೊಳಗೆ ಕೊನೆಗೂ ನಮ್ಮ ಬೇವಿನ ಪಾದ ಕಾಣಿಸಿತು. ಮುಕ್ಕಾಲು ಪಾಲು ಕಪ್ಪಗಾಗಿತ್ತು. ಪಶ್ಚಿಮದ ಕಡೆ ಒಂದು ದಪ್ಪ ಬೇರು, ಅದರ ಮೇಲೆ ಅಂಗೈ ಅಗಲದ ಪಟ್ಟಿಯಂತೆ ಜೀವಂತ ತೊಗಟೆ. ಉಗುರಿನಿಂದ ಕೆರೆದರೆ ಒಳಗೆ ಹಸಿರು. ನನಗೆ ಅಲ್ಲೇ ಕೂತು ಅಳು ಬಂತು. ಸಂತೋಷಕ್ಕೋ ದುಃಖಕ್ಕೋ ಕೇಳಬೇಡಿ. ಹಮಾಲರು ಮುಖ ತಿರುಗಿಸಿಕೊಂಡು ಬೀಡಿ ಹಚ್ಚಿದರು.

ಆ ಪಶ್ಚಿಮದ ಬೇರಿನ ಮೇಲೆಯೇ, ಕಟ್ಟೆಯ ಅಂಚಿನ ಒಂದು ತುಂಡನ್ನು ನಾವು ಒಡೆಯದೆ ಬಿಟ್ಟಿದ್ದೆವು. ಅದರ ಮೇಲೆ ಒಂದೇ ಕಲ್ಲು, ಎಲ್ಲಕ್ಕಿಂತ ಹೊಸದು. ಭಾಲ್ಕಿ ತಾಲೂಕಿನ ಮೆಹಕರದ ಒಬ್ಬ ಹುಡುಗನ ಹೆಸರು ಅದರಲ್ಲಿತ್ತು. ಅದನ್ನು ಬಿಟ್ಟದ್ದು ಅವನ ತಾಯಿಯ ಮಾತಿಗೆ.

ಆಕೆ ಪ್ರತಿ ಅಮಾವಾಸ್ಯೆಗೆ ಬರುತ್ತಿದ್ದಳು. ಕುರಿ ಸಾಕುವ ಮನೆತನದವಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತಂಬಿಗೆ. ನೀರು ಹಾಕಿ, ಕಲ್ಲಿನ ಪಕ್ಕ ಒಂದು ರೊಟ್ಟಿ ಇಟ್ಟು, ಬಸ್ಸಿನ ಹೊತ್ತಾಗುವವರೆಗೆ ಕೂತು ಹೋಗುತ್ತಿದ್ದಳು. ಯುಗಾದಿಗೆ ಬೇವು ಬೆಲ್ಲ ಮಾಡಲು ಹೂವು ಇದೇ ಮರದಿಂದ ಒಯ್ಯುತ್ತಿದ್ದಳು. ಕೆಲಸ ಶುರುವಾದ ಹೊಸದರಲ್ಲಿ ಬಂದವಳು ಹಗ್ಗ ದಾಟಿ ನೇರ ನನ್ನ ಹತ್ತಿರ ಬಂದಳು.

"ಯವ್ವಾ, ನನ್ನ ಮಗಂದು ಹೆಸರು ತೆಗೀತೀರಂತ?"

ನಾನು ಎಲ್ಲವನ್ನೂ ಹೇಳಿದೆ. ಬೇರು, ಗಾಳಿ, ಕೊಳೆತ ತೊಗಟೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ. ತಾನೇ ಹೇಳತೊಡಗಿದಳು. ಮಗನಿಗೆ ಮೀಸೆ ಮೂಡುವ ವಯಸ್ಸು. ಜ್ವರ ಬಂತು. ಗಂಡ ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದ. "ಅವ್ರು ಬರ್ಲಿ, ಬಂದಮ್ಯಾಲ ಬೀದರಿಗಿ ಒಯ್ಯಮು ಅಂತ ದಾರಿ ನೋಡ್ದೆ. ನಾ ಒಬ್ಬಾಕಿ ಹ್ಯಾಂಗ ಬರ್ಲಿ ಹೇಳ್ರಿ? ಅವ್ರು ಬಂದ್ರು. ಇಲ್ಲಿಗಿ ತಂದೇವಿ. ಇದೇ ಗಿಡದ ಬುಡಕ ಅವ ಗಂಜಿ ಕುಡ್ದ."

ಆಕೆ ಕಂಬಳಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು.

"ತೆಗೀಲಾಕ ಬ್ಯಾಡ ಅನ್ನಂಗಿಲ್ಲರಿ," ಎಂದಳು ಕೊನೆಗೆ. "ನಂದು ಕಡೀಗಿ ತೆಗೀರಿ. ನಾ ಇದ್ದಾಗ ತೆಗೀರಿ. ನಾ ಇಲ್ದಾಗ ಮುಟ್ಟಬ್ಯಾಡ್ರಿ. ಅವ ಹೋಗುವಾಗೂ ನಾ ಬಾಜು ಇರ್ಲಿಲ್ಲ, ಔಷಧ ತರ್ಲಾಕ ಹೋಗಿದ್ದೆ."

"ನೀವು ಇಲ್ದೆ ಮುಟ್ಟಂಗಿಲ್ಲ," ಎಂದೆ. ಇನ್ನೇನು ಹೇಳಬೇಕಿತ್ತು?

ಮುಂದಿನ ಅಮಾವಾಸ್ಯೆಗೆ ಆಕೆ ಬಂದಾಗ ತೆಗೆಯುವುದು ಎಂದಾಗಿತ್ತು. ಅಷ್ಟರಲ್ಲಿ ಅಕಾಲದ ಮಳೆ ಬಂತು. ನಮ್ಮ ಬೀದರಿನ ನೆಲ ಮೇಲೆ ಒಂದಿಷ್ಟು ಮಣ್ಣು, ಅಡಿಯಲ್ಲಿ ಜಂಬಿಟ್ಟಿಗೆಯ ಬಂಡೆ. ನೀರು ಕೆಳಗೆ ಇಂಗದೆ ನಾವು ತೋಡಿದ ಗುಂಡಿಯಲ್ಲಿ ನಿಂತುಬಿಟ್ಟಿತು. ಆಗಷ್ಟೇ ಗಾಳಿ ಕಂಡ ಬೇರು ಕೆಸರು ನೀರಿನಲ್ಲಿ ಮುಳುಗಿತು. ನೀರು ಹೊರಗೆ ಹೋಗಲು ಒಂದು ಕಾಲುವೆ ಕಡಿಯಬೇಕಿತ್ತು. ಬಂಡೆ ಇಳಿಜಾರಾಗಿದ್ದದ್ದು ಪಶ್ಚಿಮಕ್ಕೆ ಮಾತ್ರ. ಕಾಲುವೆಯ ದಾರಿಯಲ್ಲಿ ಸರಿಯಾಗಿ ಆ ತಾಯಿಯ ಕಲ್ಲಿತ್ತು.

ಚಾಚಾ ಹಾರೆ ಹಿಡಿದುಕೊಂಡೇ ಬಂದರು. "ತೆಗದುಬಿಡಮು ಮೇಡಂ. ಅವ್ರಿಗಿ ಹೇಳಿದ್ರ ತಿಳಕೋತಾರ."

ಮೊದಲು ಹೇಳೋಣ ಎಂದು ಫೋನ್ ಮಾಡಿಸಿದೆ. ಆಕೆಯ ಹತ್ತಿರ ಫೋನಿಲ್ಲ, ಮೆಹಕರದಲ್ಲಿ ಮಗ್ಗುಲ ಮನೆಯವರ ನಂಬರು ಕೊಟ್ಟಿದ್ದಳು. ಅವರು ಎತ್ತಿ, ಆಕೆ ಗಂಡನ ಜೊತೆ ಕುರಿಯ ಹಿಂದೆ ಹೋಗಿದ್ದಾಳೆ, ಗಡಿಯಾಚೆ ಎಲ್ಲೋ ಇದ್ದಾರೆ ಎಂದರು. ಆ ಕಡೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿ ಕಳಿಸಿದೆ, ದಾರಿಯಲ್ಲಿ ಕುರಿಯವರು ಸಿಕ್ಕರೆ ಮಾತು ಮುಟ್ಟಿಸಿ ಎಂದು. ಅಲ್ಲಿಯವರೆಗೆ ನೀರು ತೋಡಿ ಹಾಕುವುದೊಂದೇ ದಾರಿ. ಪಂಪು ಕೆಸರಿಗೆ ಕಟ್ಟಿ ನಿಂತುಹೋಯಿತು. ದವಾಖಾನೆಗೆ ಬಂದವರೆಲ್ಲ ತಮ್ಮ ತಮ್ಮ ತಂಬಿಗೆ, ಬಕೆಟ್ಟು ತಂದು ಇಳಿದರು. ಮರಕ್ಕೆ ನೀರು ಹಾಕುತ್ತಿದ್ದ ತಂಬಿಗೆಯಿಂದಲೇ ನೀರು ಎತ್ತಿ ಹೊರಗೆ ಚೆಲ್ಲಿದರು. ನಾವು ಚೆಲ್ಲುವುದು, ಮಳೆ ತುಂಬುವುದು. ಸಾಹೇಬರು ಕೊಡೆ ಹಿಡಿದು ಬಂದು ನೋಡಿದರು.

"ಕಟ್ಟಿ ಒಡದು ಬಾವಿ ತೋಡಿರಿ. ಛಲೋ ಆತು."

"ಒಂದು ಕಲ್ಲು ತೆಗೀಬೇಕ್ರಿ. ಆಕಿ ಬರ್ಬೇಕು."

"ಕಲ್ಲಿಗಿ ಯಾಕ ಆಕಿ ಬರ್ಬೇಕು?"

ಮಾತು ಕೊಟ್ಟಿದ್ದೇನೆಂದು ಹೇಳಿದೆ. ಅವರು ಹಣೆ ಚಚ್ಚಿಕೊಂಡು ಹೋದರು. ಅವರು ಕೆಟ್ಟವರಲ್ಲ, ನಾನೇ ಅವರ ಜಾಗದಲ್ಲಿದ್ದರೂ ಹಣೆ ಚಚ್ಚಿಕೊಳ್ಳುತ್ತಿದ್ದೆ.

ನಿರ್ಧಾರ ನನ್ನದೇ ಆಗಿತ್ತು. ಕಲ್ಲು ಎತ್ತಲು ಅರ್ಧ ತಾಸು ಸಾಕಿತ್ತು. ನೀರಿನಲ್ಲಿ ಮುಳುಗಿದ ಬೇರು ಕ್ಷಣ ಕ್ಷಣವೂ ಉಸಿರು ಕಟ್ಟುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ಹಾರೆಯನ್ನು ಒಮ್ಮೆ ಕೈಗೆ ತೆಗೆದುಕೊಂಡು ಕಲ್ಲಿನ ಅಂಚಿಗೆ ಇಟ್ಟೂ ನೋಡಿದೆ. ಆಕೆ ಅಮಾವಾಸ್ಯೆಗೆ ಬಂದು ಇಲ್ಲಿ ನಿಂತು, ಕಲ್ಲು ಇಲ್ಲದ ಜಾಗ ನೋಡುವುದು ಕಣ್ಣಿಗೆ ಕಟ್ಟಿತು. ಒಮ್ಮೆ ಮಗ ಹೋಗುವಾಗ ಬಳಿಯಲ್ಲಿ ಇಲ್ಲದವಳಿಗೆ ಎರಡನೆಯ ಸಲವೂ ಹಾಗೆಯೇ ಮಾಡುವುದು ನನ್ನ ಕೈಯಿಂದ ಆಗಲಿಲ್ಲ. ಹಾರೆ ಕೆಳಗಿಟ್ಟೆ. ಬಕೆಟ್ಟು ಎತ್ತಿಕೊಂಡೆ.

ಎರಡು ಮೂರು ದಿನವಾದ ಮೇಲೆ ಆಕೆ ಬಂದಾಗ ಸೀರೆಗೆ ಮೊಣಕಾಲವರೆಗೆ ಕೆಸರು. ಯಾವುದೋ ಲಾರಿ ಹತ್ತಿಕೊಂಡು ಬಂದಿದ್ದಳು. ನೀರು ತುಂಬಿದ ಗುಂಡಿ, ಅದರ ನಡುವೆ ಮರ, ದಂಡೆಯ ಮೇಲೆ ತನ್ನ ಮಗನ ಕಲ್ಲು, ಬಕೆಟ್ಟು ಹಿಡಿದ ಅಷ್ಟೂ ಜನ. ನೋಡಿದಳು.

"ನನ್ನ ಸಲುವಾಗಿ ನಿಂತೀರಿ?"

"ಬರ್ರಿ ಅವ್ವಾ, ತೆಗಿಯಮು."

ಮುಕದ್ದಮ ಬೆಣೆ ಹೊಡೆದ. ಚಾಚಾ ಸಂದಿಗೆ ನೀರು ಬಿಟ್ಟರು. ಆಕೆ ಮಂಡಿಯೂರಿ ಕೂತು ಎರಡೂ ಅಂಗೈಯನ್ನು ಕಲ್ಲಿನ ಮೇಲೆ ಇಟ್ಟಿದ್ದಳು, ಜ್ವರ ನೋಡುವ ಹಾಗೆ. ಕಲ್ಲು ಎದ್ದಿತು. ಎದ್ದ ಮೇಲೆ, ಇನ್ನೇನು ಆಯಿತು ಎನ್ನುವಾಗ, ಟಕ್ಕೆಂದು ಸದ್ದಾಗಿ ಹೆಸರಿನ ನಡುವೆಯೇ ಸೀಳಿತು.

ಚಾಚಾ ತಲೆಗೆ ಕೈ ಹೊತ್ತು ಕೂತರು. ಆ ಸಿಮೆಂಟ್ ಹಾಕಿದ್ದು ಅವರೇ.

"ಹೊಸಾ ಕಲ್ಲು ಕೆತ್ತಸ್ತೇನಿ ಅವ್ವಾ. ಗ್ವಾಡಿಗಿ ಹಚ್ಚಮು," ಎಂದೆ.

"ಬ್ಯಾಡ್ರಿ." ಆಕೆ ಎರಡೂ ತುಂಡುಗಳನ್ನು ಕಂಬಳಿಯಲ್ಲಿ ಸುತ್ತಿದಳು. "ಗಿಡಕ್ಕ ನೀರು ಭಾಳ ಆಗ್ಯಾವ. ನೀವು ಅದನ್ನ ನೋಡ್ರಿ ಮೊದಲ."

ಹಮಾಲರು ಆ ಕಂಬಳಿಯ ಗಂಟನ್ನು ಹೊತ್ತು ಬಸ್ ನಿಲ್ದಾಣದವರೆಗೆ ಹೋಗಿ ಭಾಲ್ಕಿಯ ಬಸ್ಸಿನಲ್ಲಿ ಇಟ್ಟು ಬಂದರು. ಅಷ್ಟರಲ್ಲಿ ನಾವು ಕಾಲುವೆ ಕಡಿದು ಮುಗಿಸಿದ್ದೆವು. ನೀರು ಸಂಜೆಯೊಳಗೆ ಇಳಿಯಿತು.

ಆಮೇಲಿನ ಕೆಲಸ ಪುಸ್ತಕದಲ್ಲಿ ಇರುವಂಥದ್ದು. ಕೊಳೆತ ತೊಗಟೆಯನ್ನು ಗಟ್ಟಿ ಅಂಚು ಸಿಗುವವರೆಗೆ ಕೆತ್ತಿ ತೆಗೆದೆವು. ಮೈಲುತುತ್ತ, ಸುಣ್ಣ ಕಲಸಿದ ಮುಲಾಮು ಹಚ್ಚಿದೆವು. ಒಣ ಕೊಂಬೆಗಳನ್ನು ಇಳಿಸಿ ಮರದ ಮೈ ಹಗುರ ಮಾಡಿದೆವು. ಬೇರಿನಿಂದ ಆಚೆಗೆ ಕಿರಿದಾದ ತೋಡುಗಳನ್ನು ತೆಗೆದು ಎಲೆಗೊಬ್ಬರ ತುಂಬಿದೆವು. ಜಂಬಿಟ್ಟಿಗೆಯ ಹಳೆಯ ಸುತ್ತನ್ನು ಮಾತ್ರ ಇದ್ದಂತೆಯೇ ಬಿಟ್ಟೆವು. ಚಾಚಾ ಪಶ್ಚಿಮದ ಗೋಡೆಗೆ ಹೆಸರುಗಳನ್ನು ಕೂಡಿಸಿದರು. ಒಡೆದವನ್ನೂ ತುಂಡಿಗೆ ತುಂಡು ಹೊಂದಿಸಿ ಕೂಡಿಸಿದರು. ಈ ಸಲ ಗಾರೆಯಲ್ಲಿ.

ಮಳೆಗಾಲದಲ್ಲಿ ಮರ ಚಿಗುರಿತು. ಪಶ್ಚಿಮದ ಕೊಂಬೆಯಲ್ಲಷ್ಟೇ, ಆದರೆ ದಟ್ಟವಾಗಿ. ಸಾಹೇಬರು ನನಗೆ ಚಹಾ ಕುಡಿಸಿದರು. ದಸರೆಗೆ ಜನ ಮತ್ತೆ ಬುತ್ತಿ ಬಿಚ್ಚಿದರು, ಆ ಒಂದು ಕೊಂಬೆಯ ನೆರಳಿನಲ್ಲಿ ಒತ್ತೊತ್ತಾಗಿ. ನಾನು ಮನೆಯಲ್ಲಿ, ಬಸ್ಸಿನಲ್ಲಿ, ಸಿಕ್ಕವರ ಹತ್ತಿರವೆಲ್ಲ ಈ ಸುದ್ದಿ ಹೇಳಿ ಬೇಸರ ಹಿಡಿಸಿದೆ. ಸಾಯುವ ಮರ ಕೆಲವೊಮ್ಮೆ ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ಖರ್ಚು ಮಾಡಿ ಚಿಗುರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದೆ.

ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಒಂದು ದಿನ ಆ ತೊಗಟೆಯ ಪಟ್ಟಿಯನ್ನು ಉಗುರಿನಿಂದ ಕೆರೆದೆ. ಕಂದು. ಸ್ವಲ್ಪ ಮೇಲೆ ಕೆರೆದೆ. ಅಲ್ಲಿಯೂ ಕಂದು. ಚಾಚಾಗೆ ಹೇಳಲಿಲ್ಲ. ಅವರೂ ಕೆರೆದು ನೋಡಿದ್ದರೆಂದು ತೊಗಟೆಯ ಮೇಲಿನ ಗೀರುಗಳಿಂದ ತಿಳಿಯಿತು. ನನಗೆ ಅವರೂ ಹೇಳಿರಲಿಲ್ಲ.

ಆ ಮಳೆ ಒಂದು ತಿಂಗಳು ತಡವಾಗಿ ಬಂದಿದ್ದರೆ? ನಾನು ಆ ಕಲ್ಲನ್ನು ಮೊದಲ ದಿನವೇ ಎತ್ತಿದ್ದರೆ? ಮುಕ್ಕಾಲು ಪಾಲು ಸತ್ತ ಕೊರಳು ಹೇಗಾದರೂ ಉಳಿಯುತ್ತಿರಲಿಲ್ಲ ಎಂದು ಒಂದು ದಿನ ಅನ್ನಿಸುತ್ತದೆ. ಮಾರನೆಯ ದಿನ ಉಳಿಯುತ್ತಿತ್ತು ಎನ್ನಿಸುತ್ತದೆ. ಆದರೆ ಇವತ್ತು ಅದೇ ಗುಂಡಿಯ ಮುಂದೆ ನಿಲ್ಲಿಸಿದರೂ ನಾನು ಕಾಯುತ್ತೇನೆ. ಇದನ್ನು ಯಾರೂ ಮೆಚ್ಚಬೇಕಾಗಿಲ್ಲ.

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ, ಆಕೆ ಬಂದಳು. ಹಬ್ಬ ಮುಗಿದ ಮೇಲೆ ಕಡಿಯಲು ಸಾಹೇಬರ ಅಪ್ಪಣೆಯಾಗಿತ್ತು, ಗರಗಸದವರು ಬಂದು ಕಾಂಡಕ್ಕೆ ಸುಣ್ಣದ ಗುರುತು ಹಾಕಿ ಹೋಗಿದ್ದರು. ಸುತ್ತಲಿನ ಬೇವುಗಳಲ್ಲಿ ಹೂವು ಬಂದಿತ್ತು. ಆಕೆ ಬೇವಿನ ಹೂವಿಗೆಂದು ಒಂದು ಸಣ್ಣ ಬುಟ್ಟಿ ತಂದಿದ್ದಳು. ತಲೆಯೆತ್ತಿ ಕೊಂಬೆಗಳನ್ನೆಲ್ಲ ನೋಡಿದಳು. ಎಷ್ಟು ಹೊತ್ತು ನೋಡಿದರೂ ಅಲ್ಲಿ ಏನೂ ಇರಲಿಲ್ಲ.

"ಬ್ಯಾರೆ ಗಿಡದ್ದು ಹರಕೊಡ್ತೇನಿ ಅವ್ವಾ," ಎಂದೆ.

ಆಕೆ ತಂಬಿಗೆಯ ನೀರನ್ನು ಬುಡಕ್ಕೆ ಹಾಕಬೇಕೋ ಬೇಡವೋ ಎಂದು ತಿಳಿಯದೆ ಹಿಡಿದು ನಿಂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಯವ್ವಾ, ಖರೇ ಹೇಳ್ರಿ. ನನ್ನ ದಾರಿ ನೋಡ್ಲಾಕ ಹೋಗಿ ತಡಾ ಆತೇನು?"

"ಇಲ್ಲ ಅವ್ವಾ," ಎಂದೆ. "ಮೊದಲೇ ಹೋಗಿತ್ತು. ಯಾವಾಗ ಮಾಡಿದ್ರೂ ಇಷ್ಟೇ ಆಗ್ತಿತ್ತು."

ಆಕೆ ತಲೆಯಾಡಿಸಿದಳು.

"ಡಾಕ್ಟರೂ ಹಿಂಗೇ ಅಂದಿದ್ರು," ಎಂದಳು. "ಅವ್ರೂ ನಿಮ್ಮಂಗೇ, ನೆಲ ನೋಡ್ಕೋತ ಅಂದ್ರು."

ತಂಬಿಗೆಯ ನೀರನ್ನು ಬುಡಕ್ಕೆ ಹಾಕಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಯಾವಾಗಲೂ ಕೂರುವ ಜಾಗದಲ್ಲಿ, ಬಿಸಿಲಿನಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಳು.